ಸುರೇಖಾಗೆ ಹೊದಿಸಿದ ಶಾಲು

ಸುರೇಖಾಳ ಕೆಲಸವೇ ತಪ್ಪು ಹುಡುಕುವುದು. ಸಿಂಗಪುರದ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿರುವ ಒಂದು ಬ್ಯಾಂಕಿನ ಐಟಿ ಕಚೇರಿಯಲ್ಲಿ ಅವಳು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ಬೇರೆಯವರು ಬರೆದ ಸಾಫ್ಟ್‌ವೇರು ಜನರ ಕೈಗೆ ಹೋಗುವ ಮೊದಲು ಅದನ್ನು ಹಿಡಿದು ಜಗ್ಗಾಡಿ, ಎಲ್ಲಿ ಹರಿಯುತ್ತದೆಂದು ನೋಡುತ್ತಾಳೆ. ವರ್ಷಗಟ್ಟಲೆ ಇದನ್ನೇ ಮಾಡಿ ಸ್ವಭಾವವೂ ಹಾಗೇ ಆಗಿದೆ. ಹೋಟೆಲಿಗೆ ಹೋದರೆ ಬಿಲ್ಲಿನಲ್ಲಿ ತಪ್ಪು ಕಾಣುತ್ತದೆ, ಮದುವೆಗೆ ಹೋದರೆ ಮಂಟಪ ವಾಲಿರುವುದು ಕಾಣುತ್ತದೆ. ಗಂಡ ಶಿವಯೋಗೀಶ, “ಹಂಗಾರ ನನ್ನ ಹ್ಯಾಂಗ ಪಾಸ್ ಮಾಡಿದಿ?” ಎಂದು ಕೆಣಕಿದರೆ, “ಆವಾಗ ಇನ್ನೂ ಟ್ರೇನಿಂಗ್‌ದಾಗ ಇದ್ದೆ” ಅನ್ನುತ್ತಾಳೆ.

ಇಂಥ ಕಣ್ಣಿನ ಹೆಂಗಸಿಗೂ ತನ್ನ ಮನೆಯೆದುರಿನ ಬ್ಲಾಕು ಬಹಳ ಕಾಲ ಕಂಡಿರಲಿಲ್ಲ. ಪುಂಗೋಲಿನಲ್ಲಿ ಅವಳ ಫ್ಲ್ಯಾಟಿನ ಬಾಲ್ಕನಿಯಿಂದ ನೋಡಿದರೆ ಕಾಲುವೆ, ಅದರ ಪಕ್ಕ ಸೈಕಲ್ ದಾರಿ, ಅದರಾಚೆ ಉದ್ದನೆಯ ಕಾರಿಡಾರುಗಳ ಒಂದು ಕಟ್ಟಡ. ಬಣ್ಣ ಸುತ್ತಲಿನ ಎಲ್ಲ ಕಟ್ಟಡಗಳಂತೆಯೇ ಹೊಸದು. ಅದು ಸ್ವಂತ ಮನೆ ಕೊಳ್ಳಲಾಗದವರಿಗೆ ಸರ್ಕಾರ ಕಡಿಮೆ ಬಾಡಿಗೆಗೆ ಕೊಟ್ಟ ಬ್ಲಾಕು, ಒಂದೇ ಕೋಣೆಯಲ್ಲಿ ಒಂದೊಂದು ಸಂಸಾರ ಎಂದು ಗೊತ್ತಾದದ್ದು ಒಂದು ಸಂಜೆ. ಅಲ್ಲಿನ ಲಿಫ್ಟು ಕೆಟ್ಟಿದ್ದ ದಿನ, ಆ ಬ್ಲಾಕಿನ ಮೆಟ್ಟಿಲ ಮೇಲೆ ಕೂತು ಒಬ್ಬ ತಮಿಳು ಹುಡುಗಿ ತನ್ನ ಕಂಪ್ಯೂಟರ್ ಪಾಠದ ಕೋಡನ್ನು ಫೋನಿನಲ್ಲಿ ಹೆಬ್ಬೆರಳಿನಿಂದ ಟೈಪ್ ಮಾಡುತ್ತಿರುವುದನ್ನು ಆ ದಾರಿಯಲ್ಲಿ ಬರುತ್ತಿದ್ದ ಸುರೇಖಾ ನೋಡಿದಳು. ಲ್ಯಾಪ್‌ಟಾಪ್ ಇಲ್ಲವಾ ಎಂದು ಕೇಳಿದಳು. ಮನೆಗೊಂದು ಇದೆ, ಆದರೆ ನಾಳೆ ನನ್ನ ಸರದಿ ಎಂದಳು ಹುಡುಗಿ. ಸುರೇಖಾ ದಂಗಾಗಿ ಅಲ್ಲೇ ನಿಂತಳು. ಸಿಂಗಪುರದಲ್ಲಿ ಬಡವರೇ ಇಲ್ಲ ಎಂದು ಊರಿನ ನೆಂಟರಿಗೆಲ್ಲ ಫೋನಿನಲ್ಲಿ ಹೇಳಿಕೊಂಡು ಬಂದವಳು ಅವಳೇ.

ಸುಮ್ಮನೆ ಮರುಗಿ ಮನೆಗೆ ಹೋಗುವ ಜಾಯಮಾನ ಅವಳದಲ್ಲ. ಆ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ಕು ಎಂದು ಕರೆಯುವ ತೆರೆದ ನೆಲಮಹಡಿಯ ಮೂಲೆಯಲ್ಲಿ, ನಿವಾಸಿಗಳ ಕೋಣೆಯೊಂದನ್ನು ಗಂಟುಬಿದ್ದು ಪಡೆದಳು. ಪ್ರತಿ ಶನಿವಾರ ತರಗತಿ ಶುರುವಾಯಿತು. ಮಲಯ್ ಮಕ್ಕಳು, ತಮಿಳು ಮಕ್ಕಳು, ಒಂದಿಬ್ಬರು ಚೀನೀ ಮಕ್ಕಳು. ಕೋಡಿಂಗ್ ಕಲಿಸುವುದು, ಅದರ ಜೊತೆಗೆ ಶಾಲೆ ಮುಗಿದ ಮೇಲೆ ಪಾಲಿಟೆಕ್ನಿಕ್ ಸೇರಲು ತಯಾರು ಮಾಡುವುದು. ಅಂತಿಮ ಪರೀಕ್ಷೆಗೆ ಮುಂಚೆಯೇ, ಮಗುವಿನ ಆಸಕ್ತಿ ಮತ್ತು ಕೈಗೆಲಸ ನೋಡಿ ಸೀಟು ಕೊಡುವ ಪದ್ಧತಿ ಇಲ್ಲಿದೆ. ಉಳ್ಳವರ ಮಕ್ಕಳು ಅದಕ್ಕೆ ಟ್ಯೂಷನ್ ಇಡಿಸಿಕೊಂಡು ಸಂದರ್ಶನಕ್ಕೆ ಹೋಗುತ್ತಾರೆ. ಇವರಿಗೆ ಅಂಥದ್ದೊಂದಿದೆ ಎಂದೇ ಗೊತ್ತಿರಲಿಲ್ಲ.

ಮೊದಲ ದಿನ ಸುರೇಖಾ ಹಾಕಿದ ಮೊದಲ ನಿಯಮ ಕೋಡಿಂಗಿನದ್ದಲ್ಲ. “ನೀವು ಏನೇ ಮಾಡಿ, ನಾಲ್ಕು ಜನರ ಮುಂದೆ ತೋರಿಸುವಾಗ ನಿಜವಾದ ಮನುಷ್ಯರ ವಿವರ ಪರದೆ ಮೇಲೆ ಬರಬಾರದು. ಹೆಸರು, ನಂಬರು, ಮನೆ ವಿಷಯ ಯಾವುದೂ. ಎಲ್ಲ ಮುಚ್ಚಬೇಕು. ನನ್ನ ಆಫೀಸಲ್ಲಿ ಇದನ್ನು ಮರೆತವರಿಗೆ ಅವತ್ತೇ ಮನೆ ದಾರಿ.” ಮಕ್ಕಳು ಅದನ್ನು ರಾಗವಾಗಿ ಹೇಳಿಕೊಂಡು ಓಡಾಡುವಷ್ಟು ಸಲ ಹೇಳಿಸಿದಳು.

ಆ ಮಕ್ಕಳಲ್ಲಿ ಇನ್ಶಿರಾ ಎನ್ನುವವಳ ಮೇಲೆ ಸುರೇಖಾಗೆ ಜೀವ. ಹದಿನಾರರ ಮಲಯ್ ಹುಡುಗಿ, ಮಾತು ಕಡಿಮೆ, ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಹೇಳುವ ಧೈರ್ಯ ಹೆಚ್ಚು. ಆ ಒಂದು ಕೋಣೆಯ ಮನೆಯಲ್ಲಿ ಅವಳು, ಅವಳ ಅಜ್ಜಿ, ಎಂಟು ವರ್ಷದ ತಂಗಿ ಹನಾ. ಅಮ್ಮ ಬೇರೆ ಮದುವೆಯಾಗಿ ಗಡಿಯಾಚೆ ಜೊಹೋರಿನಲ್ಲಿದ್ದಾಳೆ. ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದಾನೆ ಎಂದು ಹನಾ ಎಲ್ಲರಿಗೂ ಹೇಳುತ್ತಿದ್ದಳು. ಸುರೇಖಾ ಹಾಗೆಂದೇ ನಂಬಿದ್ದಳು.

ಇನ್ಶಿರಾ ಮಾಡಿದ ಪ್ರಾಜೆಕ್ಟು ನೋಡಿ ಸುರೇಖಾಳ ತಪ್ಪು ಹುಡುಕುವ ಕಣ್ಣೂ ಸೋತಿತು. ಲಾರಿ ಚಾಲಕನೆದುರು ಒಂದು ಫೋನು ಸಿಕ್ಕಿಸಿದರೆ ಸಾಕು. ಅದರ ಕ್ಯಾಮೆರಾ ಅವನ ಕಣ್ಣನ್ನೇ ಕಾಯುತ್ತದೆ. ರೆಪ್ಪೆ ಮುಚ್ಚಿ ತೆರೆಯುವುದು ತಡವಾಯಿತೋ, ಕೂಗುತ್ತದೆ. ಕೂಗುವುದು ಹನಾಳ ದನಿ: “ಪಾಪಾ, ಬಾಂಗುನ್.” ಅಪ್ಪಾ, ಎದ್ದೇಳು ಎಂದು ಮಲಯ್ ಭಾಷೆಯಲ್ಲಿ. ಹನಾಗೆ ಅದೊಂದು ಆಟ. ಅಕ್ಕನ ಫೋನಿನೊಳಗೆ ತಾನಿದ್ದೇನೆ ಎಂದು ಅವಳಿಗೆ ಬಲು ಜಂಭ.

ಸಂದರ್ಶನದ ತಾಲೀಮು ನಡೆದಾಗ ಸುರೇಖಾ ಕೇಳಿದಳು, ಇದನ್ನು ಯಾಕೆ ಮಾಡಿದೆ ಎಂದು. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ; ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಒಂದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

“ತುಂಬಾ ಡ್ರೈವರ್‌ಗಳಿಗೆ ನಿದ್ದೆ ಸಾಲಲ್ಲ, ಅದಕ್ಕೆ” ಎಂದಳು ಇನ್ಶಿರಾ.

“ಇದು ಪೇಪರಲ್ಲಿ ಓದಿದ ಹಾಗಿದೆ. ಅವರಿಗೆ ನಿನ್ನ ಕಥೆ ಬೇಕು. ನೀನು ಯಾಕೆ ಮಾಡಿದೆ?”

“ಬೇಡ ಲಾ, ಟೀಚರ್.”

“ಹೇಳು ಲಾ” ಎಂದು ಸುರೇಖಾ ನಕ್ಕಳು. ಬಿಡಲಿಲ್ಲ. ತಪ್ಪು ಹುಡುಕುವವರ ಕಾಯಿಲೆಯಿದು. ಎಲ್ಲಿ ಮೆತ್ತಗಿದೆಯೋ ಅಲ್ಲೇ ಒತ್ತುತ್ತಾರೆ.

ಕೊನೆಗೆ ಹುಡುಗಿ ಹೇಳಿದಳು. ಅಪ್ಪ ಹಡಗಿನಲ್ಲಿಲ್ಲ, ಜೈಲಿನಲ್ಲಿದ್ದಾನೆ. ಹಗಲು ಒಂದು ಕಂಪನಿಯ ಲಾರಿ, ರಾತ್ರಿ ಇನ್ನೊಬ್ಬರ ವ್ಯಾನು ಓಡಿಸುತ್ತಿದ್ದ. ಒಂದು ಬೆಳಗ್ಗೆ ಸ್ಟೀರಿಂಗ್ ಮೇಲೆ ಕಣ್ಣು ಹತ್ತಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ಸತ್ತ. ಹನಾಗೆ ಗೊತ್ತಿಲ್ಲ. ಅವಳು ದೊಡ್ಡವಳಾದ ಮೇಲೆ ತಾನೇ ಹೇಳುತ್ತೇನೆಂದು ಅಪ್ಪ ಇನ್ಶಿರಾಳ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಾನೆ.

ಸುರೇಖಾ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಹುಡುಗಿಯ ಕೈ ಹಿಡಿದು, ಇದು ಈ ಕೋಣೆ ದಾಟಿ ಹೋಗಲ್ಲ, ಆದರೆ ಸಂದರ್ಶನದಲ್ಲಿ ನೀನು ಹೇಳು, ಸೀಟು ಸಿಕ್ಕೇ ಸಿಗುತ್ತೆ ಅಂದಳು. ಇನ್ಶಿರಾ ಯೋಚನೆ ಮಾಡುತ್ತೇನೆ ಎಂದಳು.

ಆ ಮಾತು ಕೋಣೆ ದಾಟಿತು. ದಾಟಿಸಿದವಳು ಸುರೇಖಾಳೇ, ಅದೂ ಒಳ್ಳೆಯ ಕೆಲಸಕ್ಕೆ. ಲೋಕದಲ್ಲಿ ಅರ್ಧ ಅನಾಹುತ ಒಳ್ಳೆಯ ಕೆಲಸ ಮಾಡುವವರ ಕೈಯಲ್ಲೇ ಆಗುವುದು. ತರಗತಿಗೆ ಲ್ಯಾಪ್‌ಟಾಪುಗಳು ಬೇಕಿದ್ದವು. ಕನ್ನಡ ಬಳಗವೊಂದರ ಕಾರ್ಯದರ್ಶಿ ದ್ವಾರಕನಾಥ್ ರಾಫೆಲ್ಸ್ ಪ್ಲೇಸಿನ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮೈಸೂರಿನ ಮನುಷ್ಯ. ಅವರ ಕಚೇರಿಯಲ್ಲಿ ಹಳೆಯ ಲ್ಯಾಪ್‌ಟಾಪು ರಾಶಿ ಬಿದ್ದಿದ್ದವು. ಕಾಫಿಗೆ ಕೂತಾಗ ಅವರು ಅಷ್ಟೇನೂ ಕರಗಲಿಲ್ಲ. “ನೋಡೋಣ ರೀ, ಅಪ್ರೂವಲ್ ಅದೂ ಇದೂ ಇರುತ್ತೆ” ಅಂದರು. ಆಗ ಸುರೇಖಾ ಇನ್ಶಿರಾಳ ಕಥೆ ಹೇಳಿದಳು. ಹೆಸರು ಸಮೇತ. ದ್ವಾರಕನಾಥ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಏನ್ ಸ್ಟೋರಿ ರೀ ಇದು. ನಾನು ಅರೇಂಜ್ ಮಾಡ್ತೀನಿ ಬಿಡಿ” ಅಂದರು. ಮಾಡಿದರು ಕೂಡ. ಲ್ಯಾಪ್‌ಟಾಪುಗಳು ಬಂದವು, ಮಕ್ಕಳು ಕುಣಿದವು. ಇನ್ಶಿರಾ ತನಗೆ ಬಂದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮನೆಗೆ ಹೋದಳು. ಇದು ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ.

ಒಳ್ಳೆಯ ಕೆಲಸ ಮಾಡಿದವರನ್ನು ಸುಮ್ಮನೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಹಿಡಿದು ತಂದು ವೇದಿಕೆ ಹತ್ತಿಸಿ, ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಕೈಗೆ ಹಣ್ಣಿನ ತಟ್ಟೆ ಕೊಟ್ಟು, ಅವರು ಅಲ್ಲಾಡದ ಹಾಗೆ ಮಾಡಿದ ಮೇಲೆಯೇ ನಮಗೆ ಸಮಾಧಾನ. ಬಳಗದ ವಾರ್ಷಿಕೋತ್ಸವದಲ್ಲಿ ಸುರೇಖಾಗೆ ಸನ್ಮಾನ ಎಂದು ತೀರ್ಮಾನವಾಯಿತು. ಮಕ್ಕಳನ್ನೂ ಕರೆತನ್ನಿ, ಆ ಹುಡುಗಿ ತನ್ನ ಆ್ಯಪ್ ತೋರಿಸಲಿ ಎಂದರು ದ್ವಾರಕನಾಥ್. ಇನ್ಶಿರಾಳ ಸಂದರ್ಶನ ಅದೇ ವಾರದಲ್ಲಿತ್ತು. ಜನರ ಮುಂದೆ ಮಾತಾಡಿ ಅಭ್ಯಾಸವಾಗಲಿ ಎಂದು ಸುರೇಖಾಳೇ ಒಪ್ಪಿಸಿದಳು.

ಆ ಸಂಜೆ ಮೂವರೂ ಬಂದರು. ಅಜ್ಜಿ ಹೂವಿನ ಉದ್ದ ಅಂಗಿ ತೊಟ್ಟು, ಹನಾ ಹೊಸ ಕ್ಲಿಪ್ಪು ಹಾಕಿಕೊಂಡು. ಅವರನ್ನು ಮೊದಲ ಸಾಲಿನಲ್ಲಿ, ಮುಖ್ಯ ಅತಿಥಿಗಳ ಪಕ್ಕದಲ್ಲೇ ಕೂರಿಸಿದರು. ಅಷ್ಟರಮಟ್ಟಿಗೆ ನಮ್ಮವರ ಮರ್ಯಾದೆಗೆ ಕೊರತೆಯಿಲ್ಲ. ಇನ್ಶಿರಾ ವೇದಿಕೆಗೆ ಹೋಗಿ, ಫೋನೆದುರು ಕಣ್ಣು ಮುಚ್ಚಿದಳು. “ಪಾಪಾ, ಬಾಂಗುನ್” ಎಂದು ಹನಾಳ ದನಿ ಸ್ಪೀಕರಿನಲ್ಲಿ ಸಭಾಂಗಣ ತುಂಬಿತು. ಜನ ಚಪ್ಪಾಳೆ ಹೊಡೆದರು. ಹನಾ ಕುರ್ಚಿಯ ಮೇಲೆ ನಿಂತು, ಅದು ನಾನು ಎಂದು ಹಿಂದಿನ ಸಾಲಿನವರಿಗೆಲ್ಲ ಹೇಳಿದಳು.

ಆಮೇಲೆ ಸುರೇಖಾಳನ್ನು ಕೂರಿಸಿದರು. ಶಾಲು ಬಂತು, ಪೇಟ ಬಂತು, ಹಾರ ಬಂತು. ಹಣ್ಣು, ತೆಂಗಿನಕಾಯಿ ತುಂಬಿದ ಬೆಳ್ಳಿ ತಟ್ಟೆಯನ್ನು ಎರಡು ಕೈಗೂ ಕೊಟ್ಟರು. ದ್ವಾರಕನಾಥ್ ಮೈಕಿನ ಮುಂದೆ ನಿಂತು ಪರಿಚಯ ಶುರು ಮಾಡಿದರು. ಗುಳೇದಗುಡ್ಡದ ನೇಕಾರರ ಮನೆಯ ಹೆಣ್ಣುಮಗಳು ಸಿಂಗಪುರದ ಬಡಮಕ್ಕಳ ಬಾಳಿನ ಬೆಳಕಾದ ಬಗೆ ಎಂದು ಚೆಂದದ ಕನ್ನಡದಲ್ಲಿ ಹೇಳುತ್ತ ಹೋದರು. ಆ ಕನ್ನಡದಲ್ಲೇ ಮುಗಿಸಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ನಮ್ಮ ಬಳಗಗಳಲ್ಲಿ ಕನ್ನಡದಲ್ಲೇ ಮಾತಾಡಿ ಎಂದು ವರ್ಷವಿಡೀ ಗೋಳಾಡುವವರು, ಎದುರಿಗೆ ಒಬ್ಬ ಹೊರಗಿನವರು ಕೂತರೆ ಸಾಕು, ಕನ್ನಡ ಬಿಟ್ಟು ಓಡುತ್ತಾರೆ. ಮೊದಲ ಸಾಲಿನ ಅಜ್ಜಿಯನ್ನೂ ಮಕ್ಕಳನ್ನೂ ನೋಡಿದ ದ್ವಾರಕನಾಥ್, “ನಮ್ಮ ಗೆಸ್ಟ್‌ಗಳಿಗೂ ಅರ್ಥ ಆಗ್ಲಿ” ಎಂದು ನಕ್ಕು ಇಂಗ್ಲಿಷಿಗೆ ತಿರುಗಿದರು.

ಅಜ್ಜಿಗೆ ಇಂಗ್ಲಿಷು ಬರುವುದಿಲ್ಲ. ಹನಾಗೆ ಬರುತ್ತದೆ.

ಈ ಪುಟ್ಟ ದನಿ ಯಾಕೆ ಅಪ್ಪನನ್ನು ಎಬ್ಬಿಸುತ್ತಿದೆ ಗೊತ್ತೇ ಎಂದು ದ್ವಾರಕನಾಥ್ ಕೇಳಿದರು. ಮುಂದಿನ ಮಾತು ಏನೆಂದು ಸುರೇಖಾಗೆ ಗೊತ್ತಾಯಿತು, ಏಕೆಂದರೆ ಅದು ಅವಳದೇ ಮಾತು. ಕಾಫಿ ಕುಡಿಯುತ್ತ ಅವಳು ಹೇಗೆ ಹೇಳಿದ್ದಳೋ ಹಾಗೇ, ಅದೇ ಕ್ರಮದಲ್ಲಿ ಬಂತು. ಲಾರಿ, ವ್ಯಾನು, ಹತ್ತಿದ ಕಣ್ಣು, ಸೈಕಲ್ಲಿನ ಮುದುಕ, ಜೈಲು. ನಿಲ್ಲಿಸಿ ಎಂದು ಕೂಗಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಏಳಲು ಹೋದಳು, ಮಡಿಲಲ್ಲಿ ತಟ್ಟೆ, ಹೆಗಲಲ್ಲಿ ಶಾಲು, ಕಣ್ಣಿಗೆ ಜಾರಿದ ಪೇಟ. ತೆಂಗಿನಕಾಯಿ ಉರುಳಿ ವೇದಿಕೆಯಿಂದ ಕೆಳಕ್ಕೆ ಬಿತ್ತು. ಅದನ್ನು ಯಾರೋ ಎತ್ತಿ ಮತ್ತೆ ತಟ್ಟೆಯಲ್ಲಿಟ್ಟರು.

ಮಾತು ಮುಗಿದದ್ದೇ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಆ ಚಪ್ಪಾಳೆಯ ನಡುವೆ ಹನಾ ಅಕ್ಕನ ತೋಳು ಜಗ್ಗಿ ಕೇಳುತ್ತಿರುವುದು ಸುರೇಖಾಗೆ ಕಂಡಿತು. ಏನು ಕೇಳಿದಳೆಂದು ಕೇಳಿಸಲಿಲ್ಲ. ಇನ್ಶಿರಾ ತಲೆಯೆತ್ತಿ ವೇದಿಕೆಯ ಮೇಲೆ ಸುರೇಖಾಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅದರಲ್ಲಿ ಇದ್ದದ್ದು ಬರೀ ಬೆರಗು. ನೀವಾ ಎಂದು ಕೇಳಿದಂತಿತ್ತು. ಆಮೇಲೆ ಅವಳು ತಂಗಿಯನ್ನು ಎತ್ತಿಕೊಂಡಳು, ಅಜ್ಜಿಯ ಕೈ ಹಿಡಿದಳು, ಹೊರಟುಹೋದಳು. ಅಜ್ಜಿ ಏನೂ ಗೊತ್ತಾಗದೆ ಬಾಗಿಲಿನ ತನಕ ಎಲ್ಲರಿಗೂ ತಲೆಬಾಗಿ ವಂದಿಸುತ್ತ ಹೋದರು.

ಮನೆಗೆ ಬಂದ ಸುರೇಖಾ ಶಾಲನ್ನು ಹೊದ್ದೇ ಸೋಫಾದ ಮೇಲೆ ಕೂತಿದ್ದಳು. ಅವಳ ಅತ್ತೆ ಗುರುಸಿದ್ದವ್ವ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಸಮಾಧಾನದ ಮಾತಾಡಲಿಲ್ಲ.

“ಹುಡುಗಿ ಹುಣ್ಣ ತೋರಿಸ್ಯಾಳ, ನೀ ವೈದ್ಯಳು ಅಂತ ತಿಳಕೊಂಡು. ನೀ ಅದನ್ನ ಮಂದಿಗೆ ತೋರಿಸಿ ಶಾಲು ಹೊಚಗೊಂಡು ಬಂದಿ” ಅಂದರು.

“ಲ್ಯಾಪ್‌ಟಾಪ್ ಸಿಗಲಿ ಅಂತ ಹೇಳಿದ್ದೆ ಅತ್ತಿ.”

“ಸಿಕ್ಕಾವಲ್ಲ.”

ಸುರೇಖಾ ಶಾಲು ತೆಗೆದು ಮಡಚಲೂ ಆಗದೆ ಹಾಗೇ ಬಿಟ್ಟಳು. ದ್ವಾರಕನಾಥ್‌ಗೆ ಫೋನು ಮಾಡಿ ರೇಗಿದಳು. ಅವರು ನಿಜಕ್ಕೂ ಕಕ್ಕಾಬಿಕ್ಕಿಯಾದರು. “ನಾನು ಹೊಗಳಿದ್ದು ರೀ. ಸೀಕ್ರೆಟ್ ಅಂತ ನೀವು ಹೇಳ್ಲೇ ಇಲ್ವಲ್ಲ” ಅಂದರು. ಅದೂ ನಿಜವೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆಫೀಸಿನಲ್ಲಿ ಎಷ್ಟೋ ಜನರನ್ನು ಇದೇ ತಪ್ಪಿಗೆ ನಿಲ್ಲಿಸಿ ಬೈದವಳು, ಒಂದು ಕಾಫಿ ಮುಗಿಯುವಷ್ಟರಲ್ಲಿ ತನ್ನ ನಿಯಮ ತಾನೇ ಮರೆತಿದ್ದಳು. ಮರೆತಿದ್ದೇನೆ ಎಂದು ಆಗ ಅನ್ನಿಸಿಯೂ ಇರಲಿಲ್ಲ. ಅವಳನ್ನು ಹೆಚ್ಚು ಹೆದರಿಸಿದ್ದು ಅದೇ.

ಮರುದಿನ ಕಾಲುವೆ ದಾಟಿ ಆ ಬ್ಲಾಕಿಗೆ ಹೋದಳು. ಇನ್ಶಿರಾ ಬಾಗಿಲು ತೆರೆದಳು, ಕಬ್ಬಿಣದ ಗೇಟು ತೆರೆಯಲಿಲ್ಲ. ಒಳಗೆ ಹನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಕ್ಷಮಿಸು” ಎಂದಳು ಸುರೇಖಾ. ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಬೇರೆ ಮಾತುಗಳೆಲ್ಲ ಗೇಟಿನೆದುರು ಸತ್ತುಹೋದವು.

“ಆ ಸೈಕಲ್ ಅಜ್ಜನ ಹೆಸರೇನು ಅಂತ ಹನಾ ಕೇಳ್ತಿದ್ದಾಳೆ ಟೀಚರ್. ನಿನ್ನೆಯಿಂದ ಅದೊಂದೇ ಕೇಳೋದು. ಹಡಗಿನಿಂದ ಅಪ್ಪ ಕಳಿಸಿದ್ದು ಅಂತ ನಾನು ಕೊಟ್ಟಿದ್ದ ಶಂಖ ಎಲ್ಲ ಕಸಕ್ಕೆ ಹಾಕಿದ್ದಾಳೆ.”

“ನಾನು ಅವಳ ಹತ್ತಿರ ಮಾತಾಡ್ತೀನಿ. ಕಾಲೇಜಿಗೆ ಹೇಳಿ ಸಂದರ್ಶನ ಮುಂದೆ ಹಾಕಿಸ್ತೀನಿ. ನಾನು...”

“ಟೀಚರ್” ಎಂದಳು ಇನ್ಶಿರಾ. ದನಿ ಏರಿಸಲಿಲ್ಲ. “ನೀವು ಇನ್ನು ಏನೂ ಮಾಡಬೇಡಿ.”

ಒಳಗೆ ಹೋಗಿ ಲ್ಯಾಪ್‌ಟಾಪ್ ತಂದಳು. ಗೇಟಿನ ಸರಳುಗಳ ನಡುವೆ ಅದು ಅಡ್ಡಡ್ಡ ತೂರಲಿಲ್ಲ, ನಿಲ್ಲಿಸಿ ದಾಟಿಸಿದಳು. “ನಿಜವಾದ ಮನುಷ್ಯರ ವಿವರ ನಾಲ್ಕು ಜನರ ಮುಂದೆ ಬರಬಾರದು” ಎಂದಳು. ತರಗತಿಯಲ್ಲಿ ಹೇಳುತ್ತಿದ್ದ ಅದೇ ರಾಗ ಬಾಯಿಗೆ ಬಂದುಬಿಟ್ಟಿತು, ಪಾಪ, ಅವಳಿಗೇ ಗೊತ್ತಿಲ್ಲದೆ. ಅದಕ್ಕೆ ಅವಳೂ ಬೆಚ್ಚಿದಳು. ಬಾಗಿಲು ಮುಚ್ಚಿಕೊಂಡಳು.

ಸಂದರ್ಶನದ ದಿನ ಬಂತು, ಹೋಯಿತು. ಅವಳು ಹೋದಳೋ ಇಲ್ಲವೋ ತಿಳಿಯಲಿಲ್ಲ. ಎರಡು ವರ್ಷದ ದುಡಿಮೆ, ಆ ಬ್ಲಾಕಿನಿಂದ ಆ ದಾರಿಯಲ್ಲಿ ಹೋಗಬೇಕಿದ್ದ ಮೊದಲ ಹುಡುಗಿ. ಅವಳನ್ನು ಬಾಗಿಲ ತನಕ ಕರೆತಂದು ತಾನೇ ಬೀಳಿಸಿದೆನೇ ಎಂದು ಸುರೇಖಾ ಒಳಗೊಳಗೇ ಬೆಂದಳು. ಅಷ್ಟರಲ್ಲಿ ಬಳಗದಿಂದ ಸನ್ಮಾನದ ಫೋಟೋ ಬಂತು, ಕಟ್ಟು ಹಾಕಿಸಿ. ಪೇಟದ ಕೆಳಗೆ ಅವಳ ಬಾಯಿ ಅರ್ಧ ತೆರೆದಿತ್ತು. ನೋಡಿದವರು ಆನಂದಕ್ಕೆ ಬಾಯಿ ತೆರೆದಳು ಅಂದುಕೊಳ್ಳುವ ಹಾಗಿತ್ತು. ಮೂಲೆಯಲ್ಲಿ, ಚಪ್ಪಾಳೆಯ ಕೈಗಳ ಸಂದಿಯಲ್ಲಿ, ಅಕ್ಕನ ತೋಳು ಜಗ್ಗುತ್ತಿರುವ ಪುಟ್ಟ ಮುಖ. ಶಿವಯೋಗೀಶ ಅದನ್ನು ಗೋಡೆಗೆ ಹಾಕಲು ಮೊಳೆ ಹುಡುಕುತ್ತಿದ್ದ. ಸುರೇಖಾ ಕಸಿದುಕೊಂಡು ಕಪಾಟಿನಲ್ಲಿ ಮಗುಚಿಟ್ಟಳು.

ಶನಿವಾರದ ತರಗತಿ ನಿಲ್ಲಿಸಲಿಲ್ಲ. ಬೇರೆ ಮಕ್ಕಳು ಬರುತ್ತಿದ್ದರು. ಆದರೆ ಯಾರನ್ನೂ ಈಗ ಅವಳು ‘ಯಾಕೆ’ ಎಂದು ಎರಡನೇ ಸಲ ಕೇಳುತ್ತಿರಲಿಲ್ಲ.

ಶಾಲೆಯ ರಜೆ ಶುರುವಾದ ಮೇಲೆ ಒಂದು ಶನಿವಾರ ಇನ್ಶಿರಾ ಬಂದಳು. ಕೋಣೆಯೊಳಗೆ ಬರಲಿಲ್ಲ, ವಾಯ್ಡ್ ಡೆಕ್ಕಿನ ಕಂಬದ ಪಕ್ಕ ನಿಂತಿದ್ದಳು. ಸುರೇಖಾ ಹೊರಗೆ ಬಂದಳು.

“ಆ ಲ್ಯಾಪ್‌ಟಾಪ್ ಇನ್ನೂ ಇದೆಯಾ ಟೀಚರ್? ಕೋರ್ಸಿಗೆ ಬೇಕು.”

“ಸೀಟು ಸಿಕ್ತಾ?”

“ಸಿಕ್ತು. ಯಾಕೆ ಮಾಡಿದೆ ಅಂತ ಕೇಳಿದ್ರು. ನನಗೆ ಗೊತ್ತಿರೋ ಒಬ್ಬರಿಗೆ ಕಣ್ಣು ಹತ್ತಿತು, ಬೇರೆಯವರಿಗೆ ಅನಾಹುತ ಆಯ್ತು ಅಂದೆ. ಯಾರು ಅಂತ ಕೇಳಿದ್ರು. ಹೆಸರು ಹೇಳಲ್ಲ ಅಂದೆ. ಅವರು ಒತ್ತಾಯ ಮಾಡ್ಲಿಲ್ಲ.”

ಅವರು ಒತ್ತಾಯ ಮಾಡಲಿಲ್ಲ. ಕಥೆ ಹೇಳದಿದ್ದರೆ ಸೀಟು ಸಿಗುವುದಿಲ್ಲ ಎಂದು ಒಂದು ಮಗುವಿನ ಬಾಯಿ ಬಿಡಿಸಿದ್ದು ತಾನೊಬ್ಬಳೇ ಎಂದು ತಿಳಿದಾಗ ಸುರೇಖಾಳ ಕಿವಿ ಬಿಸಿಯಾಯಿತು.

“ಹನಾ?”

“ಜೈಲಿಗೆ ಕರ್ಕೊಂಡು ಹೋಗಿದ್ವಿ. ಅಪ್ಪ ಅತ್ರು. ಅವಳು ಅಳಲಿಲ್ಲ. ನನ್ನ ದನಿ ತೆಗಿ ಅಂದ್ಲು, ಆ್ಯಪ್‌ನಿಂದ. ತೆಗೆದೆ. ಈಗ ಬರೀ ಬೀಪ್.”

ಸುರೇಖಾ ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಕೊಟ್ಟಳು. ವಾರವಾರವೂ ಅದನ್ನು ಚಾರ್ಜು ಮಾಡಿ ತರುತ್ತಿದ್ದಳು ಎಂದು ಹೇಳಲಿಲ್ಲ. ಇನ್ಶಿರಾ ಅದನ್ನು ಚೀಲಕ್ಕೆ ಹಾಕಿ, ಹೊರಟು, ಮತ್ತೆ ನಿಂತಳು.

“ಯಾರು ಕಲಿಸಿದ್ದು ಅಂತಲೂ ಕೇಳಿದ್ರು ಟೀಚರ್.”

“ಏನಂದೆ?”

“ಅವರ ಹೆಸರೂ ಹೇಳಲ್ಲ ಅಂದೆ.”

ಹುಡುಗಿ ಲಿಫ್ಟಿನ ಕಡೆ ನಡೆದಳು. ಸುರೇಖಾ ಕಂಬಕ್ಕೆ ಒರಗಿ ನಿಂತಳು. ತನ್ನ ಹೆಸರನ್ನು ಕಾಪಾಡಲಿಕ್ಕೆ ಮುಚ್ಚಿದಳೋ, ನಾಚಿಕೆಗೆ ಮುಚ್ಚಿದಳೋ, ಕೇಳುವ ಹಕ್ಕು ತನಗೆ ಉಳಿದಿರಲಿಲ್ಲ. ಒಂದು ಮಾತ್ರ ತಿಳಿಯಿತು. ಕೆಟ್ಟದ್ದು ಮಾಡಬೇಕೆಂದು ಹೊರಡದೆ, ಒಂದು ಗಳಿಗೆ ಕಣ್ಣು ಹತ್ತಿ, ದಾರಿಯಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದವರ ಮೇಲೆ ಹಾಯ್ದವರು ಆ ಹುಡುಗಿಯ ಲೆಕ್ಕದಲ್ಲಿ ಇಬ್ಬರಿದ್ದರು. ಇಬ್ಬರ ಹೆಸರನ್ನೂ ಅವಳು ಹೊರಗೆ ಹೇಳುವುದಿಲ್ಲ. ಒಳಗಿನಿಂದ ಒಂದು ಮಗು ಟೀಚರ್ ಎಂದು ಕರೆಯಿತು, ಸುರೇಖಾ ಬಂದೆ ಎಂದಳು.